ಒಂದೂ ತಪ್ಪಿಲ್ಲದ ಹಾಳೆ

ಕಾಕಾ ಹೋದರೆಂದು ಮಕ್ತಲದಿಂದ ಫೋನು ಬಂದಾಗ ನಮ್ಮ ನಾರಾಯಣಪೇಟೆಯ ಬೀದಿಯಲ್ಲಿ ಪಟಾಕಿ ಹಾರಿಸುತ್ತಿದ್ದರು. ಊರು ಜಿಲ್ಲೆಯಾಗಿತ್ತು. ಬಸ್ ನಿಲ್ದಾಣದ ಎದುರು ಯಾರೋ ಪೇಡೆ ಹಂಚುತ್ತಿದ್ದರು, ನನ್ನ ಕೈಗೂ ಒಂದು ಬಂತು. ಒಂದು ಕೈಯಲ್ಲಿ ಪೇಡೆ, ಇನ್ನೊಂದರಲ್ಲಿ ಫೋನು ಹಿಡಿದು ನಿಂತೆ. ಕಾಕಾ ಇದ್ದಿದ್ದರೆ, "ಎರಡನ್ನೂ ಜೋಡಿ ಹಿಡಿದು ನೋಡವ್ವ, ಯಾವುದು ಭಾರ ಐತಿ ಹೇಳು" ಎನ್ನುತ್ತಿದ್ದರು. ಪೇಡೆಯನ್ನು ಪಕ್ಕದಲ್ಲಿದ್ದ ಮುದುಕಿಯ ಕೈಗಿತ್ತು ಮಕ್ತಲದ ಬಸ್ಸು ಹತ್ತಿದೆ.

ಊರಿಗೆಲ್ಲ ಅವರು ಕಾಕಾ, ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರೆಂದರೆ ಅವರಿಗೆ ಆಗುತ್ತಿರಲಿಲ್ಲ. "ಹೆಸರು ಕಂಡ ಕೂಡ್ಲೆ ಕಣ್ಣು ಸುಳ್ಳು ಹೇಳಾಕ ಸುರು ಮಾಡತಾವ" ಎನ್ನುತ್ತಿದ್ದರು. ನೇಕಾರರ ಸೊಸೈಟಿಗೆ ಬರುವ ಸೀರೆಗಳಿಗೆ ನೇಯ್ದವರ ಹೆಸರಿನ ಚೀಟಿ ಇರುತ್ತಿತ್ತು. ಕಾಕಾ ಮೊದಲು ಆ ಚೀಟಿಯನ್ನು ಒಳಗೆ ಮಡಿಸುವರು, ಆಮೇಲೆ ಸೀರೆ ಬಿಡಿಸುವರು. ಅವರ ಕೆಲಸ ಸೀರೆ ಪರೀಕ್ಷೆ. ನಮ್ಮ ದಫ್ತರದ ಕಿಟಕಿಯ ಕೆಳಗೆ ಒಂದು ಉದ್ದನೆಯ ಹಲಗೆ, ಅದರ ಹಿಂದೆ ಕುಳ್ಳಗೆ, ಎಡಭುಜ ಸ್ವಲ್ಪ ಇಳಿದ ಒಬ್ಬ ಮನುಷ್ಯ, ನೂಲಿನಿಂದ ಕಟ್ಟಿದ ಕನ್ನಡಕ. ಮೂವತ್ತು ವರ್ಷ ಅದೇ ಹಲಗೆ, ಅದೇ ಕಿಟಕಿ. ಬಟ್ಟೆಯನ್ನು ಅವರು ಬೆರಳ ತುದಿಯಿಂದ ಮುಟ್ಟುತ್ತಿರಲಿಲ್ಲ, ಬೆರಳ ಹಿಂಭಾಗದಿಂದ ಸವರುತ್ತಿದ್ದರು, ಜ್ವರ ಬಂದ ಕೂಸಿನ ಕೆನ್ನೆ ನೋಡುವ ಹಾಗೆ.

ಒಂದು ಸೀರೆಯನ್ನು ಚೆನ್ನಾಗಿದೆ ಎಂದಾಗಲಿ, ಚೆನ್ನಾಗಿಲ್ಲ ಎಂದಾಗಲಿ ಅವರು ಹೇಳಿದ್ದನ್ನು ನಾನು ಕೇಳಲೇ ಇಲ್ಲ. "ಹೆಂಗೈತಿ ಕಾಕಾ?" ಎಂದು ಯಾರಾದರೂ ಕೇಳಿದರೆ, "ಯಾವುದರ ಮುಂದ?" ಎಂದು ಅವರೇ ತಿರುಗಿ ಕೇಳುವರು. ಹಲಗೆಯ ಮೇಲೆ ಯಾವಾಗಲೂ ಎರಡೇ ಸೀರೆ. ಮೂರನೆಯದನ್ನು ತಂದಿಟ್ಟರೆ ಕೈಯಿಂದ ಪಕ್ಕಕ್ಕೆ ಸರಿಸುವರು. ಕಣ್ಣಿಗೆ ಎರಡನ್ನು ತೂಗುವ ಶಕ್ತಿ ಇದೆ, ಮೂರು ಕಂಡರೆ ಅದು ಬೆದರಿ ಮನಸ್ಸಿಗೆ ಬಂದದ್ದನ್ನು ಹೇಳಿಬಿಡುತ್ತದೆ ಎಂಬುದು ಅವರ ನಂಬಿಕೆ. ಈ ಚಟ ಮನೆಯಲ್ಲೂ ಬಿಡುತ್ತಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ಮನೆಗೆ ಕರೆದು ಜೋಳದ ರೊಟ್ಟಿ, ಪುಂಡಿಪಲ್ಲೆ ಬಡಿಸಿ, ಊಟ ಹೇಗಿತ್ತೆಂದು ಕೇಳಿದೆ. ಕೈ ತೊಳೆದು, ಯೋಚಿಸಿ, "ಹ್ವಾದ ಅಮಾಸಿ ದಿನ ನಮ್ಮ ಮನ್ಯಾಗ ಮಾಡಿದ್ದಕ್ಕಿಂತ ಮೇಲು. ಉಗಾದಿ ಊಟಕ್ಕಿಂತ ಕಡಿಮಿ" ಎಂದರು. ನನಗೆ ಸಿಟ್ಟು ಬಂತು. ಆಮೇಲೆ ತಿಳಿಯಿತು, ಅವರು ಯಾರಿಗೂ ಅಷ್ಟು ಹೊಗಳಿಕೆ ಕೊಟ್ಟದ್ದಿಲ್ಲವಂತೆ.

ನಾನು ಅಲ್ಲಿ ಗುಮಾಸ್ತೆ. ಮದುವೆಯಾಗಿ ಮಕ್ತಲದಿಂದ ಬಂದವಳು, ತಂದೆ ಇಲ್ಲದವಳು. ಈ ಕೆಲಸ ಸಿಕ್ಕಿದ್ದು ಕಾಕಾ ಹೇಳಿದ ಒಂದು ಮಾತಿನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಬರುವುದಕ್ಕೆ ಇದು ಬೇಕಾಗುತ್ತದೆ.

ಎರಡೆರಡು ಹಿಡಿದು ನೋಡುವುದು ಕಾಕಾನ ಕೈಯಲ್ಲಿ ಮೊದಲಿನಿಂದಲೂ ಇತ್ತು. ಅದಕ್ಕೆ ಚೌಕ ಬರೆದು ಅಂಕಿ ತುಂಬುವುದನ್ನು ಎಷ್ಟೋ ವರ್ಷದ ಹಿಂದೆ ತರಬೇತಿಗೆಂದು ಬಂದ ಒಬ್ಬ ಎಳೆಯ ಅಧಿಕಾರಿ ಕಲಿಸಿ ಹೋಗಿದ್ದನಂತೆ. ಕಾಕಾ ಅದನ್ನು ನಮ್ಮ ನೂಲಿಗೆ ಹೊಂದಿಸಿಕೊಂಡಿದ್ದರು. ಐದು ಸೀರೆ ಬಂದರೆ ಐದು ಬಣ್ಣದ ನೂಲು. ಹಾಳೆಯ ಎಡಕ್ಕೆ ಐದು ಬಣ್ಣ, ಮೇಲಕ್ಕೆ ಅವೇ ಐದು ಬಣ್ಣ, ನಡುವೆ ನಮ್ಮ ನಾರಾಯಣಪೇಟೆ ಸೀರೆಯ ಚೌಕಡಿಯ ಹಾಗೆ ಇಪ್ಪತ್ತೈದು ಮನೆ. ಮೂಲೆಯಿಂದ ಮೂಲೆಗೆ ಇಳಿಯುವ ಮನೆಗಳಲ್ಲಿ ಒಂದು ಎಂದೇ ಬರೆಯಬೇಕು, ಅಲ್ಲಿ ಬಣ್ಣ ತನ್ನನ್ನು ತಾನೇ ತೂಗಿಕೊಳ್ಳುತ್ತದೆ. ಉಳಿದ ಕಡೆ, ಎರಡೂ ಸಮವಿದ್ದರೆ ಒಂದು, ತುಸು ಮೇಲಿದ್ದರೆ ಮೂರು, ಎದ್ದು ಕಾಣುವ ಹಾಗೆ ಮೇಲಿದ್ದರೆ ಐದು, ಹೀಗೆ ಒಂಬತ್ತರವರೆಗೆ. ಅನುಮಾನ ಇದ್ದರೆ ನಡುವಿನ ಅಂಕಿ. ಮೇಲಿನ ಮನೆಯಲ್ಲಿ ಮೂರು ಬಿದ್ದರೆ ಅದರ ಎದುರಿನ ಮನೆಯಲ್ಲಿ ಮೂರರಲ್ಲಿ ಒಂದು ಪಾಲು ತಾನಾಗಿ ಬೀಳುತ್ತದೆ. ಹತ್ತು ಜೋಡಿ ನೋಡಿದರೆ ಹಾಳೆ ತುಂಬುತ್ತದೆ.

ತುಂಬಿದ ಮೇಲೆ ಕಾಕಾನ ನಿಜವಾದ ಕೆಲಸ ಸುರುವಾಗುತ್ತಿತ್ತು. ನೀಲಿ ಹಸಿರಿಗಿಂತ ಮೇಲು ಎಂದೆ, ಹಸಿರು ಅರಿಶಿಣಕ್ಕಿಂತ ಮೇಲು ಎಂದೆ. ಹಾಗಾದರೆ ನೀಲಿ ಅರಿಶಿಣಕ್ಕಿಂತ ಮೇಲಿರಬೇಕು, ಅದೂ ಎರಡನ್ನು ಗುಣಿಸಿದಷ್ಟು ಮೇಲಿರಬೇಕು. ಇಲ್ಲದಿದ್ದರೆ ಎಲ್ಲೋ ಮನಸ್ಸು ಜಾರಿದೆ. ಅರಿಶಿಣವೇ ನೀಲಿಗಿಂತ ಮೇಲೆಂದು ಬಂದರಂತೂ ಅದನ್ನು ಅವರು "ಸುತ್ತು ಬಿತ್ತು" ಎನ್ನುತ್ತಿದ್ದರು. ಸುತ್ತು ಬಿದ್ದ ಹಾಳೆಯನ್ನು ಹರಿದು, ಒಂದು ದಿನ ಬಿಟ್ಟು ಮತ್ತೆ ಕೂರುವರು. ಆದರೆ ಚಿಕ್ಕಪುಟ್ಟ ಜಾರಿಕೆಗೆ ಮಾಫಿ ಇತ್ತು. "ಹತ್ತರಾಗ ಒಂದು ಪಾಲು ತಪ್ಪು ಮನಿಷ್ಯಾನ ಹಕ್ಕು. ಅದಕ್ಕಿಂತ ಹೆಚ್ಚಾದ್ರ ತಿರುಗಿ ಕುಂದ್ರಬೇಕು ನೋಡವ್ವ."

ನನಗೂ ಕಲಿಸಿದರು. ನನ್ನ ಹಾಳೆ ಒಮ್ಮೆಯೂ ಸರಿಬರಲಿಲ್ಲ. ಬೆಳಿಗ್ಗೆ ಮೇಲೆಂದು ಕಂಡ ಸೀರೆ ಮಧ್ಯಾಹ್ನ ಊಟವಾದ ಮೇಲೆ ಕಡಿಮೆಯಾಗಿ ಕಾಣುತ್ತಿತ್ತು. ಕಾಕಾ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ನಿನ್ನ ಕೈ ಡೊಂಕವ್ವ" ಎಂದು ನಗುವರು. ಎಲ್ಲರೆದುರು ಹೇಳುವರು. ಸಿಟ್ಟಿನ ಮಾತಲ್ಲ, ಮಗಳಿಗೆ ಹೇಳಿದ ಹಾಗೆಯೇ ಹೇಳುವುದು. ಆದರೆ ನನಗೆ ಅದು ನಾಟುತ್ತಿತ್ತು. ಒಂದಲ್ಲ ಒಂದು ದಿನ ಇವರ ಕೈಗೆ ಒಂದೂ ತಪ್ಪಿಲ್ಲದ ಹಾಳೆ ಕೊಡಬೇಕು ಎಂದು ಹಟ ಹುಟ್ಟಿತು.

ಆಂಧ್ರದಿಂದ ತೆಲಂಗಾಣ ರಾಜ್ಯ ಬೇರೆಯಾಗಬೇಕೆಂದು ದಿನಾ ಮೆರವಣಿಗೆ, ಬಂದ್ ನಡೆಯುತ್ತಿದ್ದ ಕಾಲದಲ್ಲಿ ಚಹಾದಂಗಡಿಯವನು ಒಮ್ಮೆ ಕಾಕಾನನ್ನು ಕೆಣಕಿದ. "ನೀವರ ಫೈಸಲಾ ಮಾಡ್ರಿ ಕಾಕಾ. ನಮ್ಮಂಥ ಕನ್ನಡದೋರು ತೆಲಂಗಾಣಕ ಹೋಗಬೇಕೋ, ಇದ್ದಂಗ ಇರಬೇಕೋ, ರಾಯಚೂರ ಕಡಿ ಸೇರಬೇಕೋ?"

ಕಾಕಾ ತಮ್ಮ ಅಭಿಪ್ರಾಯ ಹೇಳಲಿಲ್ಲ. ಎರಡು ಗ್ಲಾಸು ಮುಂದಿಟ್ಟರು. "ಇದು ತೆಲಂಗಾಣ, ಇದು ಇದ್ದಂಗ ಇರೋದು. ನಿನಗ ಯಾವ್ದು ಮೇಲು?"

"ತೆಲಂಗಾಣ್ರಿ. ನಮ್ಮ ಹುಡುಗರಿಗೆ ನೌಕರಿ ಬರ್ತಾವ."

ಒಂದು ಗ್ಲಾಸು ತೆಗೆದು ಇನ್ನೊಂದು ಇಟ್ಟರು. "ಇದ್ದಂಗ ಇರೋದು, ರಾಯಚೂರು?"

"ಇದ್ದಂಗ ಇರೋದೇ ಪಾಡ್ರಿ. ಹೊಸ ಸರಕಾರ, ಹೊಸ ಕಾಗದ, ಯಾರಿಗೆ ಬೇಕು."

"ರಾಯಚೂರು, ತೆಲಂಗಾಣ?"

ಅಂಗಡಿಯವನು ಒಲೆಯ ಉರಿ ತಗ್ಗಿಸಿದ. "ರಾಯಚೂರು ಅನ್ನಸ್ತೈತಿ ನೋಡ್ರಿ. ಅಲ್ಲಿ ಮಾತರ ನಮ್ದು."

"ಸುತ್ತು ಬಿತ್ತು" ಎಂದರು ಕಾಕಾ. "ಗ್ಲಾಸಿಂದು ತಪ್ಪಿಲ್ಲಪಾ. ನಿನ್ನ ಮನಸ ಒಂದೊಂದು ಸಲ ಒಂದೊಂದು ಬ್ಯಾನಿ ನೆನಸತೈತಿ." ಚಹಾ ಕುಡಿದು ಎದ್ದು ಬಂದರು. ಆ ದಿನ ಎಲ್ಲರೂ ನಕ್ಕೆವು. ಸುತ್ತು ಎಂದರೆ ಬರೀ ಲೆಕ್ಕದ ದೋಷವಲ್ಲ, ಅಲ್ಲಿ ಮನುಷ್ಯನಿಗೆ ಎರಡು ನೋವಿರುತ್ತವೆ ಎಂದು ಕಾಕಾ ಅಂದೇ ಹೇಳಿದ್ದರು, ನನ್ನ ಕಿವಿಗೆ ಬೀಳಲಿಲ್ಲ.

ಇನ್ನೊಂದು ಸಂಗತಿ ಹೇಳಬೇಕು. ಒಬ್ಬ ವ್ಯಾಪಾರಿ ಕೈಮಗ್ಗದವೆಂದು ಒಂದು ಗಂಟು ಸೀರೆ ತಂದ, ಸೊಸೈಟಿಯ ಮುದ್ರೆ ಹಾಕಿಸಿಕೊಳ್ಳಲು. ಬಣ್ಣ ನಮ್ಮದೇ, ಅಂಚು ನಮ್ಮದೇ, ಚೌಕಡಿ ನಮ್ಮದೇ. ನನ್ನ ಕಣ್ಣಿಗೆ ಅಷ್ಟು ಅಂದದ ಸೀರೆ ಅದುವರೆಗೆ ಬಿದ್ದಿರಲಿಲ್ಲ. ಕಾಕಾ ಅದರ ಪಕ್ಕ ನಮ್ಮ ನೇಕಾರರ ಒಂದು ಸೀರೆ ಹರವಿದರು. ಬೆರಳ ಹಿಂಭಾಗದಿಂದ ಇದನ್ನೊಮ್ಮೆ, ಅದನ್ನೊಮ್ಮೆ ಸವರಿದರು. ಸೆರಗಿನಿಂದ ಒಡಲಿಗೆ, ಒಡಲಿನಿಂದ ಸೆರಗಿಗೆ, ಅರ್ಧ ಗಂಟೆ. ಕೊನೆಗೆ ಮಡಿಸಿ ಹಿಂದಕ್ಕೆ ಕೊಟ್ಟರು.

"ಏನ್ ತಪ್ಪೈತ್ರಿ ಇದರಾಗ?" ವ್ಯಾಪಾರಿ ಜಬರಿಸಿದ.

"ಒಂದೂ ತಪ್ಪಿಲ್ಲ. ಅದಕ್ಕ ಇದು ಕೈಲೆ ನೇಯ್ದದ್ದಲ್ಲ, ಯಂತ್ರದ್ದು. ಕೈ ಅಂದ ಮ್ಯಾಲ ಎಲ್ಲ್ಯರ ಒಂದು ಕಡಿ ಉಸುರು ತಗೊಂಡಿರತೈತಿ."

ರಾಜ್ಯ ಬೇರೆಯಾಯಿತು. ನಮ್ಮ ದಫ್ತರದ ಬೋರ್ಡಿನಲ್ಲಿ ಆಂಧ್ರಪ್ರದೇಶ ಎಂಬುದರ ಮೇಲೆ ಬಣ್ಣ ಬಳಿದು ತೆಲಂಗಾಣ ಎಂದು ಬರೆದರು, ಹಳೆಯ ಅಕ್ಷರ ಕೆಳಗಿನಿಂದ ಇಣುಕುತ್ತಲೇ ಇತ್ತು. ಆ ಮಳೆಗಾಲದ ಮೊದಲಿಗೆ ಸೊಸೈಟಿಗೆ ಎರಡು ಚೌಕಟ್ಟಿನ ಮಗ್ಗ ಬಂದವು. ನಮ್ಮ ನೇಕಾರರದು ಕುಣಿಮಗ್ಗ, ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು ಕೂರಬೇಕು. ತಗ್ಗಿನ ಓಣಿಗಳಲ್ಲಿ ಮಳೆ ಬಂದರೆ ಕುಣಿಯೊಳಗೆ ನೀರು ಜಿನುಗುತ್ತದೆ. ಚೌಕಟ್ಟಿನ ಮಗ್ಗಕ್ಕೆ ಕುಣಿ ಬೇಡ, ಬೆಂಚಿನ ಮೇಲೆ ಕೂತು ನೇಯಬಹುದು. ಮೊಣಕಾಲು ಕೆಟ್ಟವರಿಗೆ ಅದು ಸಿಕ್ಕರೆ ಮಗ್ಗ, ಸಿಗದಿದ್ದರೆ ನೇಯ್ಗೆಯೇ ಬಂದ್. ಎರಡು ಮಗ್ಗಕ್ಕೆ ಐದು ಅರ್ಜಿ ಉಳಿದವು.

ಐದರಲ್ಲಿ ಒಂದು ಕಾಕಾನ ಮಗಳದು. ಒಬ್ಬಳೇ ಮಗಳು. ಗದ್ವಾಲಕ್ಕೆ ಕೊಟ್ಟಿದ್ದರು. ಅಲ್ಲಿ ಅತ್ತೆಯ ಕೈಕೆಳಗೆ ನೂಲಿನ ಒಡಲಿಗೆ ರೇಷ್ಮೆ ಅಂಚು ಕೂಡಿಸುವುದನ್ನೂ ಕಲಿತಳು. ಗಂಡ ತೀರಿಕೊಂಡ ಮೇಲೆ ತಿರುಗಿ ಬಂದು ತಗ್ಗಿನ ಓಣಿಯಲ್ಲಿ, ಸತ್ತುಹೋದ ತಾಯಿಯ ಕುಣಿಮಗ್ಗಕ್ಕೆ ಕೂತಿದ್ದಳು. ಆಷಾಢದಲ್ಲಿ ನಾನೊಮ್ಮೆ ಹೋದಾಗ ಕುಣಿಯಿಂದ ಚಂಬಿನಲ್ಲಿ ನೀರು ತೋಡಿ ತೋಡಿ ಹೊರಗೆ ಚೆಲ್ಲುತ್ತಿದ್ದಳು. ಮೊಣಕಾಲು ಎರಡೂ ಊದಿದ್ದವು. ತೇವದಲ್ಲಿ ಕೂರಬೇಡವೆಂದು ರಾಯಚೂರಿನ ಡಾಕ್ಟರು ಹೇಳಿದ್ದರು. "ಇನ್ನೊಂದ್ ಮಳಿಗಾಲ ಇದರಾಗ ಕುಂತ್ರ ಏಳಾಕ ಆಗೂದಿಲ್ಲಕ್ಕ" ಎಂದಳು. ಅಳಲಿಲ್ಲ, ಹೇಳಿದಳು ಅಷ್ಟೇ.

ಅವಳು ಅರ್ಜಿ ಕೊಡಲು ಬಂದ ದಿನ ನಾನು ಅಲ್ಲೇ ಇದ್ದೆ. ಕಾಕಾ ಹಲಗೆಯಿಂದ ತಲೆ ಎತ್ತಲಿಲ್ಲ. "ಅರ್ಜಿ ಅಲ್ಲಿಡ್ರಿ" ಎಂದರು, ಎಲ್ಲರಿಗೂ ಹೇಳುವ ಹಾಗೆ. "ಇಟ್ಟೀನ್ರಿ" ಎಂದಳು ಅವಳು. ತಂದೆ ಮಗಳು ಹೀಗೆ ರೀ ಹಚ್ಚಿ ಮಾತಾಡಿದ್ದು ಕೇಳಿ ಜವಾನ ಬಾಯಿ ಮುಚ್ಚಿಕೊಂಡು ನಕ್ಕ. ನನಗೆ ನಗು ಬರಲಿಲ್ಲ.

ಮಂಡಳಿಯವರು ತೀರ್ಮಾನವನ್ನು ಕಾಕಾನ ತಲೆಗೇ ಕಟ್ಟಿದರು. ಮಗಳು ಇದ್ದಾಳೆ, ನನ್ನನ್ನು ಬಿಡಿ ಎಂದು ಅವರು ಕೇಳಿಕೊಂಡರು. ಅಧ್ಯಕ್ಷರು ತೆಲುಗಿನವರು, "ಮೀರು ಚೆಪ್ತೇ ಎವರೂ ಮಾಟ್ಲಾಡರು ಕಾಕಾ" ಎಂದು ಕೈ ಮುಗಿದುಬಿಟ್ಟರು. ಕಾಕಾ ಹೇಳಿದ್ದಕ್ಕೆ ಯಾರೂ ಎದುರು ಮಾತಾಡುವುದಿಲ್ಲ ಎನ್ನುವುದು ನಿಜವೇ. ಊರವರು ಜಗಳವಿಲ್ಲದೆ ಮುಗಿಯಲಿ ಎಂದು ಒಬ್ಬ ಮನುಷ್ಯನನ್ನು ಮುಂದೆ ತಳ್ಳುವುದು ಹೀಗೆಯೇ.

ಕಾಕಾ ಒಂದು ಷರತ್ತು ಹಾಕಿದರು. ನೋಡಬೇಕಾದ ಗುಣ ಮೂರು: ಕೈಗೆಲಸ, ಮನೆಯಲ್ಲಿ ದುಡಿಯುವ ಕೈಗಳು, ಕಷ್ಟ. ಮೊದಲು ಈ ಮೂರನ್ನೇ ಒಂದಕ್ಕೊಂದು ಹಿಡಿದು ನೋಡಿದರು. ಎಲ್ಲಕ್ಕಿಂತ ಭಾರ ಕಷ್ಟಕ್ಕೆ ಎಂದು ಮಂಡಳಿಯೂ ಒಪ್ಪಿತು. ಕೈಗೆಲಸಕ್ಕೆ ಸೀರೆಗಳೇ ಸಾಕ್ಷಿ, ಮನೆಮಂದಿಯ ಲೆಕ್ಕ ಕಣ್ಣಿಗೆ ಕಾಣುವಂಥದ್ದು, ಅವೆರಡರಲ್ಲಿ ತಕರಾರಿಲ್ಲ. ಕಷ್ಟದ ಹಾಳೆಯನ್ನು ಮಾತ್ರ ಇಬ್ಬರು, ಒಬ್ಬರಿಗೊಬ್ಬರು ತೋರಿಸದೆ ತುಂಬಬೇಕು. ಒಬ್ಬರು ಕಾಕಾ. ಇನ್ನೊಬ್ಬಳು ನಾನು, ಯಾಕೆಂದರೆ ಊರಲ್ಲಿ ಬೇರೆ ಯಾರಿಗೂ ಈ ಚೌಕ ತುಂಬಲು ಬರುತ್ತಿರಲಿಲ್ಲ. ಐವರಿಗೂ ಬಣ್ಣ ಹಂಚಿದರು: ನೀಲಿ, ಹಸಿರು, ಅರಿಶಿಣ, ಕುಂಕುಮ, ಕಪ್ಪು. ಮಗಳು ಕುಂಕುಮ.

ಐದೂ ಮನೆಗೆ ಹೋಗಿ ಬಂದೆ. ನೀಲಿ ಬೆನ್ನು ಬಾಗಿದ ಮುದುಕ, ಅವನ ಕಷ್ಟದ ಬಗ್ಗೆ ಯಾರೂ ಎರಡು ಮಾತಾಡುವ ಹಾಗಿರಲಿಲ್ಲ. ಕುಂಕುಮದ ಕುಣಿಯಲ್ಲಿ ಮತ್ತೆ ನೀರು ನೋಡಿದೆ. ಹಸಿರಿನವರದು ಗಟ್ಟಿ ಮನೆ, ಎತ್ತರದ ಓಣಿ, ಗಂಡಹೆಂಡಿರಿಬ್ಬರೂ ಗಟ್ಟಿಮುಟ್ಟು. ಕುಂಕುಮದ ಕಷ್ಟ ಹಸಿರಿಗಿಂತ ಹೆಚ್ಚೆಂದು ನನಗೆ ಗೊತ್ತಿತ್ತು. ಜೋಡಿ ಹಿಡಿದು ನೋಡುವ ಅಗತ್ಯವೂ ಇರಲಿಲ್ಲ.

ಆದರೂ ಹಾಳೆ ಮುಂದಿಟ್ಟುಕೊಂಡಾಗ ನನ್ನ ತಲೆಯಲ್ಲಿ ಕುಂಕುಮ ಇರಲಿಲ್ಲ, ಊರಿನ ಬಾಯಿ ಇತ್ತು. ಕಾಕಾನ ಮಾತಿನಿಂದ ನೌಕರಿ ಹಿಡಿದವಳು ಕಾಕಾನ ಮಗಳನ್ನು ಮೇಲಿಟ್ಟಳು ಎನ್ನುವರು. ಕಾಕಾನಿಗೂ ಮುಖ ಎತ್ತಲಾಗದು ಎಂದುಕೊಂಡೆ. ಅದರ ಜೊತೆಗೆ ಆ ಹಳೆಯ ಹಟ. ಈ ಸಲ ನನ್ನ ಕೈ ಡೊಂಕು ಎನ್ನಿಸಿಕೊಳ್ಳಬಾರದು. ಹಾಗಾಗಿ ಯಾರೂ ಮಾಡಬಾರದ ಕೆಲಸ ಮಾಡಿದೆ. ಜೋಡಿಗಳನ್ನು ನೋಡಲೇ ಇಲ್ಲ. ಮೊದಲು ಸಾಲು ನಿಲ್ಲಿಸಿದೆ: ನೀಲಿ, ಹಸಿರು, ಅರಿಶಿಣ, ಆಮೇಲೆ ಕುಂಕುಮ, ಕಪ್ಪು. ಒಂದಕ್ಕಿಂತ ಒಂದು ಎರಡು ಪಟ್ಟು, ಕೊನೆಯ ಎರಡು ಸಮಸಮ. ಆ ಸಾಲಿನಿಂದ ಗುಣಿಸಿ ಹತ್ತು ಮನೆಗಳನ್ನೂ ತುಂಬಿದೆ. ಕುಂಕುಮವನ್ನು ತೀರ ಕೊನೆಗಿಟ್ಟರೆ ಕಣ್ಣಿಗೆ ಬೀಳುತ್ತದೆ, ನಾಲ್ಕನೆಯ ಜಾಗವನ್ನು ಯಾರೂ ನೋಡುವುದಿಲ್ಲ. ಇಷ್ಟೆಲ್ಲ ಹುಷಾರಿ ನನಗೆ ಎಲ್ಲಿಂದ ಬಂತೋ. ಹೆದರಿಕೆ ಮನುಷ್ಯರನ್ನು ಬಲು ಜಾಣರನ್ನಾಗಿ ಮಾಡುತ್ತದೆ, ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆ.

ಕಾಕಾನ ಹಾಳೆ ಮುಗಿಯಲಿಲ್ಲ. ಮೂರು ದಿನ ಕೂತರು. ಹರಿದ ಹಾಳೆಗಳು ಹಲಗೆಯ ಕೆಳಗೆ ಬೀಳುತ್ತಿದ್ದವು, ಗುಡಿಸುವಾಗ ನೋಡಿದೆ. ಕುಂಕುಮ ನೀಲಿಗಿಂತ ಮೇಲು, ನೀಲಿ ಹಸಿರಿಗಿಂತ ಮೇಲು, ಹಸಿರು ಕುಂಕುಮಕ್ಕಿಂತ ಮೇಲು. ಇನ್ನೊಂದರಲ್ಲಿ ಅದೇ ಸುತ್ತು ಬೇರೆ ದಿಕ್ಕಿಗೆ. ತಂದೆಯಾಗಿ ಒಂದು ಮನೆ ತುಂಬುತ್ತಿದ್ದರು, ತಂದೆಯೆಂದು ಹೆದರಿ ಪಕ್ಕದ ಮನೆ ತುಂಬುತ್ತಿದ್ದರು. ಮೂವತ್ತು ವರ್ಷ ಒಂದೇ ಒಂದು ಸೀರೆಗೆ ಮೋಸ ಮಾಡದ ಕೈ ಆ ಒಂದು ಸಾಲಿನಲ್ಲಿ ಡೊಂಕಾಗಿಹೋಗಿತ್ತು.

ಮೂರನೆಯ ದಿನ ಮಧ್ಯಾಹ್ನ ನನ್ನ ಹಾಳೆ ಕೇಳಿದರು. ಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದು ಮನೆಯನ್ನೂ ಗುಣಿಸಿ ನೋಡಿದರು. ತಿರುಗಿ ಮೊದಲಿನಿಂದ ನೋಡಿದರು. ನಾಲ್ಕು ಗಂಟೆಯ ಬಸ್ಸು ಹೋಯಿತು, ಇನ್ನೂ ನೋಡುತ್ತಿದ್ದರು. ಕೊನೆಗೊಮ್ಮೆ ಹಾಳೆಯನ್ನು ಬೆರಳ ಹಿಂಭಾಗದಿಂದ ಸವರಿದರು, ಸೀರೆಯೋ ಎಂಬಂತೆ.

"ಒಂದೂ ತಪ್ಪಿಲ್ಲಲ್ಲವ್ವ?"

"ಇಲ್ಲ ಕಾಕಾ" ಎಂದೆ. ನನ್ನ ದನಿಯಲ್ಲಿ ಜಂಬವಿತ್ತು. ಅದನ್ನೂ ಮರೆತಿಲ್ಲ.

ಕಾಕಾ ಪೆನ್ನು ತೆಗೆದರು. ನನ್ನ ಹಾಳೆಯ ಕೆಳಗೆ ತಮ್ಮ ಸಹಿ ಹಾಕಿ ಮಂಡಳಿಗೆ ಕಳಿಸಿದರು. ಮಗ್ಗಗಳು ನೀಲಿಗೂ ಹಸಿರಿಗೂ ಹೋದವು.

ಊರು ಅವರನ್ನು ಹೊತ್ತು ಮೆರೆಸುವುದೊಂದೇ ಬಾಕಿ. ಸ್ವಂತ ಮಗಳಿಗೆ ಕೊಡಲಿಲ್ಲ, ಇಂಥವರು ಈಗ ಎಲ್ಲಿದ್ದಾರೆ ಎಂದು ಸಭೆ ಮಾಡಿ ಶಾಲು ಹೊದಿಸಿದರು. ಕಾಕಾ ಆ ಶಾಲನ್ನು ತೆಗೆದು ಮಡಿಸಿ, ಕೂತ ಕುರ್ಚಿಯ ಮೇಲೆಯೇ ಬಿಟ್ಟು ಬಂದರು. ಮರುದಿನ ಜವಾನ ತಂದುಕೊಟ್ಟ. ಅದರಿಂದ ಹಲಗೆ ಒರೆಸುತ್ತಿದ್ದರು.

ಮಗಳು ದೀಪಾವಳಿಯವರೆಗೆ ಹೇಗೋ ನೇಯ್ದಳು. ಆಮೇಲೆ ಕುಣಿಗೆ ಇಳಿಯಲಾಗದೆ ಮಗ್ಗ ಬಿಚ್ಚಿದಳು. ಗದ್ವಾಲಕ್ಕೆ ಹೋಗಿ ಒಂದು ಸೀರೆ ಅಂಗಡಿಯಲ್ಲಿ ಗಿರಾಕಿಗಳಿಗೆ ಸೀರೆ ಬಿಡಿಸಿ ತೋರಿಸುವ ಕೆಲಸಕ್ಕೆ ನಿಂತಳು. ಬಿಡಿಸುವುದು, ಮಡಿಸುವುದು, ದಿನವಿಡೀ ಬೇರೆಯವರು ನೇಯ್ದದ್ದನ್ನು. ತಂದೆಯೊಡನೆ ಮಾತು ಬಿಟ್ಟಳು. ಹಸಿರಿನವರು ಎರಡು ವರ್ಷಕ್ಕೆ ಪುಣೆಗೆ ಹೋದರು. ಅವರ ಮನೆಯ ಮುಂದೆ ಹಾಯುವಾಗ ಕಿಟಕಿಯಿಂದ ಆ ಮಗ್ಗ ಕಾಣುತ್ತಿತ್ತು, ಅದರ ಮೇಲೆ ಹಾಸಿಗೆ ಸುತ್ತಿ ಇಟ್ಟಿದ್ದರು. ನಾನು ಈಗ ಆ ಓಣಿಯಲ್ಲಿ ಹಾಯುವುದಿಲ್ಲ.

ಕೆಲಸದಿಂದ ಇಳಿದ ಮೇಲೆ ಕಾಕಾ ಮಕ್ತಲದಲ್ಲಿ ತಮ್ಮನ ಮನೆಗೆ ಹೋದರು. ಕಣ್ಣಿಗೆ ಪೊರೆ ಬಂದಿತ್ತು. ಕೊನೆಯ ಸಲ ಹೋದಾಗ ಎರಡು ಟವೆಲ್ ತೆಗೆದುಕೊಂಡು ಹೋಗಿದ್ದೆ. ಎರಡನ್ನೂ ತೊಡೆಯ ಮೇಲೆ ಹಾಕಿಕೊಂಡು ಸವರಿ, "ಎಡಗೈದು ಮೇಲು" ಎಂದರು. ಮನೆಯವರು ಹೊಲಕ್ಕೆ ಹೋಗಿದ್ದರು. ಇವತ್ತು ಹೇಳಿಬಿಡಬೇಕೆಂದೇ ಬಸ್ಸಿನ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ.

"ಕಾಕಾ, ಆ ಕಷ್ಟದ ಹಾಳಿ..."

ಅವರು ಕೈ ಎತ್ತಿ ತಡೆದರು. "ಅದರ ಮಾತು ಬ್ಯಾಡವ್ವ. ಸಹಿ ಮಾಡಿದಾಂವ ನಾನು. ಹಾಳಿ ನಂದು."

ಟವೆಲ್ಲಿನ ಅಂಚನ್ನು ಬೆರಳಲ್ಲಿ ಎಳೆಯುತ್ತಾ, "ಆಕಿ ಬಂದಿದ್ಲೇನು, ನಿನ್ನ ಕಡಿ?" ಎಂದರು.

"ಇಲ್ಲ ಕಾಕಾ."

"ನಿಂತೇ ಕೆಲಸ ಅಂತ ಅಲ್ಲಿ. ಮೊಣಕಾಲಿಗೆ ನಿಲ್ಲೂದು ಪಾಡೋ, ಕುಣ್ಯಾಗ ಕುಂದ್ರೂದು ಪಾಡೋ." ನನ್ನನ್ನು ಕೇಳಲಿಲ್ಲ. ಟವೆಲ್ಲುಗಳನ್ನು ಇದರ ಮೇಲೆ ಅದು, ಅದರ ಮೇಲೆ ಇದು ಎಂದು ಮಡಿಸುತ್ತಾ ಕೂತರು. ನಾನು ಹೇಳದೆಯೇ ಎದ್ದು ಬಂದೆ. ನಿಜ ಹೇಳಬೇಕೆಂದರೆ, ಅವರು ತಡೆದದ್ದು ನನಗೆ ಹಿತವಾಯಿತು.

ಅವರು ಹೋದ ದಿನ ಮಕ್ತಲ ಮುಟ್ಟುವಷ್ಟರಲ್ಲಿ ಮಗಳು ಗದ್ವಾಲದಿಂದ ಬಂದಿದ್ದಳು. ಹೆಂಗಸರೆಲ್ಲ ನೆಲದ ಮೇಲೆ ಕೂತಿದ್ದರು, ಅವಳೊಬ್ಬಳು ಕುರ್ಚಿಯ ಮೇಲೆ. ಯಾರೋ ಹೊಸಬರು, ತಂದೆ ಸತ್ತಾಗ ಕುರ್ಚಿಯೇ ಎಂದು ಗೊಣಗಿದರು. ಕೆಳಗೆ ಕೂತರೆ ಏಳಲು ಬಾರದೆಂದು ಅವರಿಗೆ ಹೇಗೆ ಗೊತ್ತಾಗಬೇಕು. ಮಣ್ಣು ಮಾಡಿ ಗಂಡಸರು ಬಂದ ಮೇಲೆ ಅವಳು ನನ್ನ ಕೈ ಹಿಡಿದುಕೊಂಡಳು.

"ಅಕ್ಕಾ, ಒಂದ್ ಮಾತು ನಿಮಗ ಹೇಳೇ ಇಲ್ಲ. ಮಗ್ಗ ಹಂಚಿದ ದಿನಾನೇ ಅಪ್ಪ ನನಗ ಎಲ್ಲಾ ಹೇಳಿದ. ಆಕಿ ತನ್ನ ಹಾಳ್ಯಾಗ ನಿನ್ನ ಮ್ಯಾಲೇ ಇಟ್ಟಿದ್ಲು, ನಾನೇ ತಿದ್ದಿ ಕೆಳಗ ಹಾಕೀನಿ ಅಂದ. ಅದಕ್ಕ ನಾನು ಇಷ್ಟ್ ವರ್ಷ ಅವನ ಸಂಗಾಟ ಮಾತಾಡಲಿಲ್ಲ. ಅಷ್ಟ್ ದೊಡ್ಡ ಊರಾಗ ನನ್ನ ಕಡಿ ನಿಂತಾಕಿ ನೀವೊಬ್ರೇ."

ನನ್ನ ಕೈ ಅವಳ ಎರಡೂ ಕೈಗಳ ನಡುವೆ ಇತ್ತು. ಬಿಡಿಸಿಕೊಳ್ಳಲಿಲ್ಲ. ಒಳಗಿಂದ ಯಾರೋ ಚಹಾ ತಂದರು, ಕುಡಿದೆ.

ತಿರುಗಿ ಬರುವ ಬಸ್ಸಿನಲ್ಲಿ ಎಲ್ಲವೂ ಒಂದಕ್ಕೊಂದು ಕೂಡಿತು. ಯಂತ್ರದ ಸೀರೆಯನ್ನು ಸವರಿ ಹಿಡಿದ ಮನುಷ್ಯನಿಗೆ ನನ್ನ ಹಾಳೆ ತಿಳಿಯದೇ ಇರುತ್ತದೆಯೇ? ಯಾವತ್ತೂ ಡೊಂಕಾಗಿದ್ದ ಕೈ ಅವತ್ತೊಂದು ದಿನ ಒಂದು ಕಡೆಯೂ ಜಾರಲಿಲ್ಲವೆಂದರೆ ಅದು ನೋಡಿ ತುಂಬಿದ್ದಲ್ಲ ಎಂದು ಆ ಮಧ್ಯಾಹ್ನವೇ ಅವರಿಗೆ ಗೊತ್ತಾಗಿತ್ತು. ಗೊತ್ತಿದ್ದೂ ಸಹಿ ಹಾಕಿದರು, ತಮ್ಮ ಕೈಯನ್ನು ನಂಬಲಾಗದೆ, ಊರಿನ ಬಾಯಿಗೆ ಅವರೂ ಹೆದರಿ. ಆ ಹೆದರಿಕೆಯಲ್ಲಿ ನಾವಿಬ್ಬರೂ ಒಂದೇ. ಆದರೆ ಅವರು ಅದೇ ದಿನ ಮಗಳ ಮುಂದೆ ನಿಂತು ನನ್ನ ಪಾಲಿನದನ್ನೂ ಹೊತ್ತುಕೊಂಡರು, ಒಬ್ಬಳೇ ಮಗಳ ದನಿ ಕೇಳದೆ ಐದು ವರ್ಷ ಬದುಕಿ ಹಾಗೆಯೇ ಸತ್ತರು. ನಾನು ಸಂಬಳ ತೆಗೆದುಕೊಳ್ಳುತ್ತಾ, ಹಬ್ಬ ಮಾಡುತ್ತಾ ಇದ್ದೆ. ಮಗಳು ಸಿಟ್ಟಾಗಬೇಕಾದದ್ದು ಯಾರ ಮೇಲೆ ಎಂದು ಒಂದು ಮಾತು ಮಕ್ತಲದ ಆ ಅಂಗಳದಲ್ಲಿ ಹೇಳಿದ್ದರೆ, ಕೊನೆಗೆ ಆ ಮಣ್ಣಿನ ಮುಂದಾದರೂ ಅವಳು ಅಪ್ಪಾ ಎಂದು ಕರೆಯುತ್ತಿದ್ದಳು. ಅದನ್ನೂ ನಾನೇ ತಪ್ಪಿಸಿದೆ.

ಅವಳು ನಮ್ಮೂರ ಕನ್ನಡ ಶಾಲೆಯಲ್ಲಿ ಓದಿದವಳು. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಸೀರೆಗೆ ಸುತ್ತಿ ಬಂದ ಕನ್ನಡ ಪೇಪರುಗಳನ್ನು ಬಿಡಿಸಿ ಓದುತ್ತಾಳೆಂದು ಗದ್ವಾಲದ ಕಡೆಯವರು ಹೇಳುತ್ತಾರೆ. ಎದುರಿಗೆ ಹೇಳುವ ಎದೆ ನನಗೆ ಬರಲಿಲ್ಲ, ಅದಕ್ಕೇ ಇದನ್ನು ಬರೆದೆ. ಇದು ನಿನ್ನ ಕೈಗೆ ಬಂದರೆ ಇಷ್ಟು ತಿಳಿ, ತಂಗಿ. ನಿನ್ನ ಅಪ್ಪ ಏನನ್ನೂ ತಿದ್ದಿರಲಿಲ್ಲ, ನಿನ್ನನ್ನು ಕೆಳಗಿಟ್ಟದ್ದು ನಾನು. ಮೊನ್ನೆ ಐದು ಬಣ್ಣದ ನೂಲು ತೆಗೆದು ಆ ಕಷ್ಟದ ಹಾಳೆಯನ್ನು ಮತ್ತೆ ತುಂಬಿದೆ, ಈ ಸಲ ಒಂದೊಂದು ಜೋಡಿಯನ್ನೂ ನೋಡಿ. ಎರಡು ಕಡೆ ಜಾರಿದ್ದೇನೆ, ಕಾಕಾ ಕೊಡುತ್ತಿದ್ದ ಮಾಫಿಯ ಒಳಗೇ ಇದೆ. ಮೂರು ಗುಣವನ್ನೂ ಕೂಡಿಸಿದರೆ ನೀನು ಎರಡನೆಯವಳು. ಮಗ್ಗ ಎರಡಿದ್ದವು.